ಗೋಡೆ ಮೇಲೆ ಉಳಿದ ಹೊಳೆ: ವೇಲ್ಸಿನ ತ್ರವೆರಿನ್

ತ್ರವೆರಿನ್ ಹೊಳೆಯ ಉದ್ದ ಸುಮಾರು 19 ಕಿಲೋಮೀಟರ್, ಅಷ್ಟೇ. ಬೆಳಿಗ್ಗೆ ತಿಂಡಿ ಮುಗಿಸಿ ಅದರ ಮೂಲದಿಂದ ಹೆಜ್ಜೆ ಹಾಕಿದರೆ ಸಂಜೆ ಕಾಫಿ ಹೊತ್ತಿಗೆ ಸಂಗಮ ಮುಟ್ಟಬಹುದು. ಹೊಳೆ ಇಷ್ಟು ಗಿಡ್ಡ. ಆದರೂ ಇಂಗ್ಲೆಂಡಿನ ಪಕ್ಕದ ನಾಡಾದ ವೇಲ್ಸಿನಲ್ಲಿ ಈ ಹೆಸರು ಕೇಳದವರು ಸಿಗುವುದು ಕಷ್ಟ.

ಉತ್ತರ ವೇಲ್ಸಿನ ಸ್ನೋಡೋನಿಯಾ ಬೆಟ್ಟಸೀಮೆಯಲ್ಲಿ ಲಿನ್ ತ್ರವೆರಿನ್ ಅಂತ ಒಂದು ಪುಟ್ಟ ಕೆರೆ ಇದೆ. ಅಲ್ಲಿ ಹುಟ್ಟಿ ಹೊಳೆ ಪೂರ್ವಕ್ಕೆ ಹೊರಡುತ್ತದೆ. ಒಂದು ಪಕ್ಕಕ್ಕೆ 854 ಮೀಟರ್ ಎತ್ತರದ ಆರೆನಿಗ್ ವಾವ್ರ್, ಇನ್ನೊಂದು ಪಕ್ಕಕ್ಕೆ 689 ಮೀಟರಿನ ಆರೆನಿಗ್ ವಾಖ್. ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಹಾಗೆ ಅವು ದೊಡ್ಡ ಆರೆನಿಗ್, ಚಿಕ್ಕ ಆರೆನಿಗ್. ಈ ಬೆಟ್ಟಗಳ ಬುಡದಲ್ಲಿ ಹೊಳೆ ಲಿನ್ ಕೆಲಿನ್ ಜಲಾಶಯದೊಳಗೆ ಮಾಯವಾಗುತ್ತದೆ. ಕಟ್ಟೆಯ ಕೆಳಗೆ ಮತ್ತೆ ಹೊರಬಂದು, ಬಂಡೆಗಳ ಮೇಲೆ ಧುಮುಕುತ್ತಾ ಹೋಗಿ, ಬಾಲ ಎಂಬ ಪೇಟೆಯ ಹತ್ತಿರ ಡೀ ನದಿ ಸೇರುತ್ತದೆ.

ಕಟ್ಟೆಯ ಕೆಳಗೆ ಸಿಗುವ ವ್ರೋನ್‌ಗೋಖ್ ಹಳ್ಳಿಯದೇ ಒಂದು ಕತೆ. 1880ರ ದಶಕದ ಕೊನೆಗೆ ಅಲ್ಲಿನ ಜಮೀನ್ದಾರರೊಬ್ಬರು ಈ ಹೊಳೆಯ ನೀರು ನಂಬಿ ವಿಸ್ಕಿ ಕಾರ್ಖಾನೆ ಹಾಕಿದರು. ವ್ಯಾಪಾರ ಕೈಗೂಡಲಿಲ್ಲ. ಖಾಲಿ ಬಿದ್ದ ಕಟ್ಟಡಕ್ಕೆ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಕೈದಿಗಳು ಬಂದರು. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದ ದಂಗೆಯ ನಂತರ ಅವರ ಜಾಗಕ್ಕೆ ಸುಮಾರು 1,800 ಐರಿಷ್ ಬಂದಿಗಳನ್ನು ತಂದು ತುಂಬಿದರು. ಮುಂದೆ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಮುಂದಾಳಾದ ಮೈಕೆಲ್ ಕಾಲಿನ್ಸ್ ಕೂಡ ಅವರಲ್ಲೊಬ್ಬರು. ದಂಗೆಕೋರರನ್ನೆಲ್ಲ ಒಂದೇ ಸೂರಿನಡಿ ಕೂಡಿಹಾಕಿದರೆ ಅವರು ಏನು ಮಾತಾಡಿಕೊಳ್ಳುತ್ತಾರೆ? ಮುಂದಿನ ದಂಗೆಯ ಬಗ್ಗೆಯೇ ಅಲ್ವಾ? ಆ ಶಿಬಿರಕ್ಕೆ ‘ಕ್ರಾಂತಿಯ ವಿಶ್ವವಿದ್ಯಾಲಯ’ ಅಂತಲೇ ಹೆಸರು ಬಿತ್ತು.

ಆದರೆ ತ್ರವೆರಿನ್ ಹೆಸರು ಮನೆಮಾತಾಗಿದ್ದು ವಿಸ್ಕಿಯಿಂದಲೂ ಅಲ್ಲ, ಕೈದಿಗಳಿಂದಲೂ ಅಲ್ಲ. ನೀರಿನಿಂದ.

ಇಂಗ್ಲೆಂಡಿನ ಊರುಗಳು ವೇಲ್ಸಿನ ಕಣಿವೆಗಳ ಮೇಲೆ ಕಣ್ಣು ಹಾಕಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ವೇಲ್ಸಿನಲ್ಲಿ ಮಳೆ ಜಾಸ್ತಿ, ಬೆಟ್ಟ ಜಾಸ್ತಿ, ಜನ ಕಡಿಮೆ. 1880ರ ದಶಕದಲ್ಲಿ ಲಿವರ್‌ಪೂಲ್ ನಗರ ವರ್ನ್‌ವಿ ನದಿಗೆ ಕಟ್ಟೆ ಕಟ್ಟಿ ಲನ್‌ವುದಿನ್ ಅನ್ನುವ ಹಳ್ಳಿಯನ್ನು ಮುಳುಗಿಸಿತು. ಆಮೇಲೆ ಬರ್ಮಿಂಗ್‌ಹ್ಯಾಮ್ ಬಂದು ಎಲಾನ್ ಕಣಿವೆಯನ್ನು ಹಿಡಿಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಿವರ್‌ಪೂಲ್‌ಗೆ ಮತ್ತೆ ನೀರು ಬೇಕಾಯಿತು. ಅಲ್ಲಿನ ಕೊಳೆಗೇರಿಗಳ ಅವಸ್ಥೆ ಸುಳ್ಳಲ್ಲ, ಹೊಸ ಮನೆಗಳಿಗೆ ನೀರು ಬೇಕಿದ್ದದ್ದೂ ನಿಜ. ಆದರೆ ನಗರಪಾಲಿಕೆ ಕೇಳುತ್ತಿದ್ದದ್ದು ಕುಡಿಯುವ ನೀರಷ್ಟೇ ಅಲ್ಲ, ಕಾರ್ಖಾನೆಗಳಿಗೂ ನೀರು ಬೇಕಿತ್ತು. ವೇಲ್ಸಿನ ಜನರಿಗೆ ಹೆಚ್ಚು ಉರಿದದ್ದು ಇದೇ.

ತ್ರವೆರಿನ್ ದಡದಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿ ಇತ್ತು. ಒಂದು ಚಾಪೆಲ್ (ಪುಟ್ಟ ಪ್ರಾರ್ಥನಾ ಮಂದಿರ), ಒಂದು ಶಾಲೆ, ಒಂದು ಅಂಚೆ ಕಚೇರಿ. ಹೊಲಮನೆಗಳೆಲ್ಲ ಸೇರಿ ಹನ್ನೆರಡು. ಇಡೀ ಊರು ವೆಲ್ಷ್ ಭಾಷೆಯಲ್ಲೇ ಬದುಕುತ್ತಿತ್ತು. ಅಂಗಳದ ಮಾತು, ಪ್ರಾರ್ಥನೆ, ಪಾಠ, ಪದ್ಯ, ಎಲ್ಲವೂ ಅದರಲ್ಲೇ. 1961ರ ಜನಗಣತಿಯ ಹೊತ್ತಿಗೆ ವೇಲ್ಸಿನಲ್ಲಿ ವೆಲ್ಷ್ ಮಾತಾಡುವವರು ನೂರಕ್ಕೆ 26ಕ್ಕೆ ಇಳಿದಿದ್ದರು. ಅಂಥ ಕಾಲದಲ್ಲಿ ಇಂಥ ಹಳ್ಳಿ ಅಂದರೆ ಬೀಜಕ್ಕೆ ಎತ್ತಿಟ್ಟ ಭತ್ತ ಇದ್ದ ಹಾಗೆ.

ತಮ್ಮ ಊರು ಮುಳುಗಡೆಯಾಗಲಿದೆ ಅನ್ನುವುದು ಊರವರಿಗೆ ಗೊತ್ತಾಗಿದ್ದು 1955ರ ಡಿಸೆಂಬರಿನಲ್ಲಿ, ಪತ್ರಿಕೆಯಲ್ಲಿ ಓದಿ. ಅಧಿಕಾರಿಗಳು ಯಾರೂ ಮನೆ ಬಾಗಿಲಿಗೆ ಬಂದು ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಮುಂದಿನ ಎಲ್ಲ ಸಿಟ್ಟಿನ ಬೇರು ಇಲ್ಲೇ ಇದೆ.

ಊರವರು ರಕ್ಷಣಾ ಸಮಿತಿ ಕಟ್ಟಿದರು. 1956ರ ನವೆಂಬರಿನಲ್ಲಿ ಊರಿಗೆ ಊರೇ ಬಸ್ ಹತ್ತಿ ಲಿವರ್‌ಪೂಲ್‌ಗೆ ಹೋಯಿತು. ಮಕ್ಕಳು, ಮುದುಕರು ಎಲ್ಲ ಬೀದಿಯಲ್ಲಿ ಮೆರವಣಿಗೆ ನಡೆದರು. ನಿಮ್ಮ ಮನೆಗಳು ಭದ್ರವಾಗಿವೆ, ನಮ್ಮವನ್ನು ಮುಳುಗಿಸಬೇಡಿ ಅಂತ ಬ್ಯಾನರಿನಲ್ಲಿ ಬರೆದಿತ್ತು. ಪಾಲಿಕೆ ಕರಗಲಿಲ್ಲ.

ಇಲ್ಲಿ ಒಂದು ಕಾನೂನಿನ ಸೂಕ್ಷ್ಮ ಇದೆ, ಸ್ವಲ್ಪ ಗಮನ ಕೊಡಿ. ಸಾಮಾನ್ಯ ದಾರಿಯಲ್ಲಿ ಹೋಗಿದ್ದರೆ ವೇಲ್ಸಿನ ಸ್ಥಳೀಯ ಆಡಳಿತಗಳ ಒಪ್ಪಿಗೆ ಬೇಕಾಗುತ್ತಿತ್ತು. ಲಿವರ್‌ಪೂಲ್ ಆ ಗೋಜಿಗೇ ಹೋಗಲಿಲ್ಲ. ತನಗೋಸ್ಕರ ಒಂದು ಖಾಸಗಿ ಮಸೂದೆಯನ್ನು ನೇರವಾಗಿ ಲಂಡನ್ನಿನ ಸಂಸತ್ತಿಗೆ ಒಯ್ದಿತು. ವೇಲ್ಸಿನ 36 ಸಂಸದರಲ್ಲಿ 35 ಮಂದಿ ವಿರೋಧಿಸಿದರು. ಆದರೂ 1957ರ ಆಗಸ್ಟಿನಲ್ಲಿ ಮಸೂದೆ ಕಾಯ್ದೆಯಾಯಿತು. ಒಂದು ನಾಡಿನ ಹೆಚ್ಚುಕಮ್ಮಿ ಎಲ್ಲ ಪ್ರತಿನಿಧಿಗಳೂ ಬೇಡ ಅಂದರೂ ಆ ನಾಡಿನ ಹಳ್ಳಿಯನ್ನು ಮುಳುಗಿಸಬಹುದು ಅಂತಾಯಿತು. ಹಾಗಿದ್ದರೆ ಆ ಸಂಸದರನ್ನು ಆರಿಸಿ ಕಳಿಸಿ ಏನು ಪ್ರಯೋಜನ ಅಂತ ಜನ ಕೇಳತೊಡಗಿದರು.

ಕಾಮಗಾರಿ ಶುರುವಾದ ಮೇಲೆ ಕೆಲವರ ತಾಳ್ಮೆ ತಪ್ಪಿತು. 1963ರ ಫೆಬ್ರವರಿಯಲ್ಲಿ ಮೂವರು ಯುವಕರು ಕಟ್ಟೆ ಕೆಲಸದ ಜಾಗದಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ ಬಾಂಬ್ ಇಟ್ಟರು. ಅದೇ ಸೆಪ್ಟೆಂಬರಿನಲ್ಲಿ ಚಾಪೆಲಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಆಮೇಲೆ ಸ್ಮಶಾನದ ಪ್ರಶ್ನೆ ಬಂತು. ಎಂಟು ಜನರ ಅವಶೇಷಗಳನ್ನು ತೆಗೆದು ಬೇರೆ ಕಡೆ ಮಣ್ಣು ಮಾಡಿದರು. ಉಳಿದವರು ಅಲ್ಲೇ ಉಳಿದರು, ಅವರ ಮೇಲೆ ಕಾಂಕ್ರೀಟು, ಅದರ ಮೇಲೆ ನೀರು. ಕಣಿವೆಯಲ್ಲಿದ್ದ 67 ಜನರಲ್ಲಿ 48 ಮಂದಿ ಮನೆ ಕಳೆದುಕೊಂಡರು. ಬಾಲದಿಂದ ಬರುತ್ತಿದ್ದ ರೈಲು ಹಳಿಯ ಜಾಗವೂ ನೀರಿನಡಿ ಹೋಯಿತು.

1965ರ ಅಕ್ಟೋಬರ್ 21ರಂದು ಲಿನ್ ಕೆಲಿನ್ ಜಲಾಶಯದ ಉದ್ಘಾಟನೆ. ಪ್ರತಿಭಟನೆಗೆ ಬಂದವರು ಕೂಗಾಡಿ ಮೈಕಿನ ತಂತಿಯನ್ನೇ ಕತ್ತರಿಸಿದರು. ಸಮಾರಂಭ ಮೂರೇ ನಿಮಿಷಕ್ಕೆ ಮುಗಿಯಿತು. ಮರುವರ್ಷ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಗ್ವಿನ್‌ವೋರ್ ಎವನ್ಸ್ ಗೆದ್ದು, ವೇಲ್ಸಿನ ರಾಷ್ಟ್ರೀಯ ಪಕ್ಷವಾದ ಪ್ಲೈಡ್ ಕಮ್ರಿಯ ಮೊದಲ ಸಂಸದರಾದರು. ತ್ರವೆರಿನ್ ಒಂದರಿಂದಲೇ ಗೆದ್ದರು ಅಂದರೆ ಉತ್ಪ್ರೇಕ್ಷೆಯಾದೀತು. ಆದರೆ ನಮ್ಮ ನಾಡಿನ ತೀರ್ಮಾನ ನಮ್ಮ ಕೈಯಲ್ಲಿರಲಿ ಅನ್ನುವ ಮಾತಿಗೆ ಅಲ್ಲಿಂದ ಒಂದು ಊರಿನ ಹೆಸರು ಅಂಟಿಕೊಂಡಿತು. ಲಿವರ್‌ಪೂಲ್ ಪಾಲಿಕೆ ಕ್ಷಮೆ ಕೇಳಿದ್ದು 2005ರಲ್ಲಿ, ಕಟ್ಟೆ ಕಟ್ಟಿ 40 ವರ್ಷ ಆದ ಮೇಲೆ.

ಈಗ ಆ ಹೊಳೆ ಹೇಗಿದೆ? ವರ್ನ್‌ವಿಯ ನೀರು ಪೈಪಿನಲ್ಲಿ ಲಿವರ್‌ಪೂಲ್‌ಗೆ ಹೋಗುತ್ತದೆ. ಲಿನ್ ಕೆಲಿನ್‌ನಿಂದ ಅಂಥ ಪೈಪೇ ಇಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು, ಡೀ ನದಿ ಸೊರಗಿದಾಗ ಬಿಡುತ್ತಾರೆ. ಆ ನೀರು ಹೊಳೆಯಲ್ಲೇ ಹರಿದು ಡೀ ಸೇರಿ, ಕೆಳಗೆ ಚೆಸ್ಟರ್ ಹತ್ತಿರ ಅದನ್ನು ಎತ್ತಿಕೊಳ್ಳುತ್ತಾರೆ. ಅಂದರೆ ಹೊಳೆಯೇ ಪೈಪು, ಕಟ್ಟೆಯೇ ನಲ್ಲಿ. ಇದರಿಂದ ಒಂದು ವಿಚಿತ್ರ ಆಗಿದೆ. ಬೇಸಿಗೆಯಲ್ಲಿ ಸುತ್ತಲಿನ ಹೊಳೆಗಳೆಲ್ಲ ಬಂಡೆ ತೋರಿಸುವಾಗ ತ್ರವೆರಿನ್ ಮಾತ್ರ ನೊರೆಯುಕ್ಕಿಸಿ ಓಡುತ್ತಿರುತ್ತದೆ. ದೋಣಿ ಸಾಹಸದವರಿಗೆ ಹಬ್ಬ. 1981ರಲ್ಲಿ ಇಲ್ಲೇ ಕನೂ ಸ್ಲಾಲಮ್, ಅಂದರೆ ರಭಸದ ನೀರಿನಲ್ಲಿ ಗುರುತುಗಂಬಗಳ ನಡುವೆ ದೋಣಿ ನುಗ್ಗಿಸುವ ಪಂದ್ಯದ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಈಗಲೂ ಹೆಲ್ಮೆಟ್ ಹಾಕಿದ ಹುಡುಗರು ರಬ್ಬರ್ ತೆಪ್ಪದಲ್ಲಿ ಕಿರುಚುತ್ತಾ ಇಳಿಯುತ್ತಾರೆ. ಜಲಾಶಯದ ದಂಡೆಯಲ್ಲಿ ಹಳೇ ಚಾಪೆಲಿನ ಕಲ್ಲುಗಳಿಂದ ಕಟ್ಟಿದ ಸ್ಮಾರಕ ನಿಂತಿದೆ. 2022ರಂಥ ಬರಗಾಲದಲ್ಲಿ ನೀರು ಇಳಿದರೆ ಹಳ್ಳಿಯ ಪಾಳು ಗೋಡೆಗಳು ತಲೆ ಎತ್ತುತ್ತವೆ.

ಇನ್ನೊಂದು ಗೋಡೆ ಇದೆ. ಅದು ಕಣಿವೆಯಿಂದ ದೂರ, ಪಶ್ಚಿಮ ಕರಾವಳಿಯ ಅಬರಿಸ್ಟ್‌ವಿಥ್‌ನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿ ಪಕ್ಕ. 1960ರ ದಶಕದ ಮೊದಲಲ್ಲಿ, ಮುಂದೆ ಲೇಖಕರಾಗಿ ಹೆಸರು ಮಾಡಿದ ಮೈಕ್ ಸ್ಟೀವನ್ಸ್, ಪಾಳುಮನೆಯೊಂದರ ಗೋಡೆಯ ಮೇಲೆ ‘ತ್ರವೆರಿನ್ ನೆನಪಿರಲಿ’ ಅಂತ ವೆಲ್ಷ್‌ನಲ್ಲಿ ಬಣ್ಣ ಬಳಿದರು. ಮಳೆಗೆ ಮಾಸಿದಾಗ ಯಾರೋ ಮತ್ತೆ ಬಳಿಯುತ್ತಾ ಬಂದರು. 2019ರಲ್ಲಿ ಒಮ್ಮೆ ಕಿಡಿಗೇಡಿಗಳು ಅದರ ಮೇಲೆ ‘ಎಲ್ವಿಸ್’ ಅಂತ ಗೀಚಿದರು, ಆಮೇಲೆ ಗೋಡೆಯ ಒಂದು ಭಾಗವನ್ನೇ ಬೀಳಿಸಿದರು. ಜನ ಬಂದು ಕಲ್ಲು ಜೋಡಿಸಿ ಮತ್ತೆ ಎಬ್ಬಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಎರಡು ಪದಗಳು ವೇಲ್ಸಿನ ಉದ್ದಗಲಕ್ಕೂ ಗೋಡೆ, ಕಾಂಪೌಂಡು, ಕೊಟ್ಟಿಗೆಗಳ ಮೇಲೆ ಕಾಣಿಸಿಕೊಂಡವು.

ಎರಡು ಪದ ಅಂದರೆ ‘ಕೊವ್ಯುಖ್ ದ್ರವೆರಿನ್’. ತ್ರವೆರಿನ್ ಹೋಗಿ ದ್ರವೆರಿನ್ ಯಾಕಾಯಿತು ಅಂತ ಕೇಳಿದರೆ ಕನ್ನಡದವರಿಗೆ ಉತ್ತರ ಸುಲಭ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ ಆಗುತ್ತಲ್ಲ, ಹೆಚ್ಚುಕಮ್ಮಿ ಅದೇ ತರ. ವೆಲ್ಷ್‌ನಲ್ಲೂ ಕೆಲವು ಪದಗಳ ಪಕ್ಕ ಬಂದಾಗ ಕ, ತ, ಪಗಳು ಗ, ದ, ಬ ಆಗುತ್ತವೆ. ಸ್ಟೀವನ್ಸ್ ಮೊದಲ ಸಲ ಬರೆದಾಗ ಅವಸರಕ್ಕೋ ಏನೋ ‘ತ’ ಹಾಗೇ ಉಳಿದಿತ್ತು. ಆಮೇಲೆ ಬಣ್ಣ ಬಳಿಯಲು ಬಂದವರು ಅದನ್ನು ‘ದ’ ಮಾಡಿದರು.