ಗೀಸರ್ ಸತ್ತಿಲ್ಲ, ಒಳಗೆ ಏನೋ ಕರೆಂಟ್ ಕಟ್ ಮಾಡಿದೆ

ಪುಣೆಲಿ ಡಿಸೆಂಬರ್ ಬಂತು ಅಂದ್ರೆ ಬೆಳಗಿನ ಜಾವ 10-12 ಡಿಗ್ರಿಗೆ ಇಳಿಯುತ್ತೆ, ವರ್ಷವಿಡೀ ಯಾರೂ ತಲೆ ಎತ್ತಿ ನೋಡದ ಗೀಸರ್ ಕೈ ಕೊಡೋದೂ ಆವಾಗಲೇ. ನಮ್ಮ ಸೊಸೈಟಿಲಿ ವಿಜಾಪುರ, ಬೆಳಗಾವಿ, ಕಲಬುರಗಿ ಕಡೆಯವರ ಮನೆಗಳು ಸುಮಾರಿವೆ, ಚಳಿಗಾಲದಲ್ಲಿ ಲಿಫ್ಟಲ್ಲಿ ಸಿಕ್ಕೋರು ಕೇಳೋದು ಹೆಚ್ಚುಕಮ್ಮಿ ಇದನ್ನೇ: "ಗೀಸರ್ ಹೋಗೇತ್ರೀ, ಲೈಟೂ ಹತ್ತವಲ್ದು, ಹೊಸಾದ ತಗೋಬೇಕೇನು?" ನಾನು ಹೇಳೋದು, ತಡೀರಿ, ಮೊದಲು ಕರೆಂಟ್ ಎಲ್ಲಿ ಕಟ್ ಆಗಿದೆ, ಯಾಕೆ ಕಟ್ ಆಗಿದೆ ನೋಡೋಣ ಅಂತ. ಯಾಕಂದ್ರೆ ಗೀಸರಲ್ಲಿ ನೀರು ಕಾಯಿಸೋ ವಸ್ತು ಇರೋದು ಒಂದೇ, ಕಾಯಿಲ್. ಅದಕ್ಕೆ ಕರೆಂಟ್ ಹೋಗೋ ದಾರಿಲಿ ಕೂತಿರೋದು ಬಹುತೇಕ ಕರೆಂಟ್ ನಿಲ್ಲಿಸೋಕೆ ಅಂತಲೇ ಮಾಡಿದ ಸಾಮಾನು. ಎಂಸಿಬಿ (ಶಾರ್ಟ್ ಆದ್ರೆ, ಲೋಡ್ ಜಾಸ್ತಿ ಆದ್ರೆ ತಾನಾಗಿ ಬೀಳೋ ಸ್ವಿಚ್), ಥರ್ಮೋಸ್ಟಾಟ್ (ನೀರು ಸಾಕಷ್ಟು ಕಾದಾಗ ನಿಲ್ಲಿಸೋದು), ಕಟೌಟ್ (ಅತಿ ಬಿಸಿಯಾದ್ರೆ ನಿಲ್ಲಿಸೋದು), ಮೂರರದ್ದೂ ಅದೇ ಕೆಲಸ. ಹಾಗಾಗಿ ಗೀಸರ್ ಇದ್ದಕ್ಕಿದ್ದಂಗೆ ಸುಮ್ಮನಾಯ್ತು ಅಂದ್ರೆ ಎಷ್ಟೋ ಸಲ ಅದು ಕೆಟ್ಟಿರಲ್ಲ, ಒಳಗಿನ ಕಾವಲು ತನ್ನ ಕೆಲಸ ಮಾಡಿರುತ್ತೆ.

ಒಂದು ಸಣ್ಣ ಲೆಕ್ಕ ಮೊದಲೇ ಇಟ್ಕೊಂಡ್ರೆ ಮುಂದೆಲ್ಲಾ ಸುಲಭ. ಮನೆಗಳಲ್ಲಿ ಸಾಮಾನ್ಯವಾಗಿ ಇರೋ ಸ್ಟೋರೇಜ್ ಗೀಸರ್ 15 ಲೀಟರ್, 2000 ವ್ಯಾಟ್. 230 ವೋಲ್ಟಲ್ಲಿ ಅದು ಎಳೆಯೋ ಕರೆಂಟು ಸುಮಾರು 8.7 ಆಂಪಿಯರ್, ಅಂದ್ರೆ ಕಾಯಿಲಿನ ರೆಸಿಸ್ಟೆನ್ಸ್ 26 ಓಮ್ ಚಿಲ್ಲರೆ. ಈ 8.7 ಆಂಪಿಯರ್ ಎಂಸಿಬಿ, ವೈರು, ಸ್ವಿಚ್ಚು, ಸಾಕೆಟ್ಟು, ಪ್ಲಗ್ಗು, ಕಟೌಟ್, ಥರ್ಮೋಸ್ಟಾಟ್ ಇಷ್ಟನ್ನೂ ದಾಟಿ ಕಾಯಿಲಿಗೆ ಹೋಗಬೇಕು, ಎಲ್ಲಾ ಒಂದರ ಹಿಂದೆ ಒಂದು ಜೋಡಿಸಿರೋದು, ಎಲ್ಲಿ ಒಂದು ಕಡೆ ತುಂಡಾದ್ರೂ ಪೂರ್ತಿ ಬಂದ್. ಆದ್ರಿಂದ ಹುಡುಕೋದು ಹೊರಗಿಂದ ಒಳಗೆ, ಬಾತ್‌ರೂಮಿಂದ ಅಲ್ಲ, ಬಾಗಿಲ ಹತ್ರ ಎಂಸಿಬಿಗಳೆಲ್ಲಾ ಕೂತಿರೋ ಡಿಬಿ ಬಾಕ್ಸಿಂದ.

ಎಂಸಿಬಿ ಕೆಳಗೆ ಬಿದ್ದಿದ್ರೆ ಅದು ಯಾವಾಗ ಬಿತ್ತು ಅನ್ನೋದೇ ದೊಡ್ಡ ಸುಳಿವು. ಅದರೊಳಗೆ ಎರಡು ಬೇರೆ ಬೇರೆ ವ್ಯವಸ್ಥೆ ಇದೆ. ಒಂದು ಕರೆಂಟಿನ ಸುರುಳಿ, ಶಾರ್ಟ್ ಆಗಿ ಕರೆಂಟು ಹಲವು ಪಟ್ಟು ಏರಿದ್ರೆ ಅಯಸ್ಕಾಂತವಾಗಿ ಕ್ಷಣದಲ್ಲಿ ಎಳೆದು ಬೀಳಿಸುತ್ತೆ. ಇನ್ನೊಂದು ಎರಡು ಲೋಹ ಅಂಟಿಸಿದ ಪಟ್ಟಿ, ಕಾದಾಗ ಒಂದು ಲೋಹ ಜಾಸ್ತಿ ಹಿಗ್ಗುತ್ತೆ ಇನ್ನೊಂದು ಕಮ್ಮಿ, ಪಟ್ಟಿ ನಿಧಾನಕ್ಕೆ ಬಾಗಿ ಕರೆಂಟ್ ಬಿಡಿಸುತ್ತೆ. ಈ ಪಟ್ಟಿ ಇಂಗ್ಲೆಂಡಿನ ಗಡಿಯಾರ ಮಾಡೋ ಜಾನ್ ಹ್ಯಾರಿಸನ್ ಹಡಗಿಗೆ ಅಂತ ಮಾಡಿದ ತನ್ನ ಮೂರನೇ ಗಡಿಯಾರಕ್ಕೆ ಕಂಡುಹಿಡಿದದ್ದು, ಆ ಗಡಿಯಾರ ಮುಗಿದದ್ದು 1759ರಲ್ಲಿ, ಸಮುದ್ರದ ಮೇಲೆ ಚಳಿ-ಸೆಕೆಗೆ ಟೈಮ್ ತಪ್ಪಬಾರದು ಅಂತ ಮಾಡಿದ ಪಟ್ಟಿ ಇವತ್ತು ನಮ್ಮ ಗೀಸರಿಗೆ ಕಾವಲು ನಿಂತಿದೆ, ಯೋಚನೆ ಮಾಡಿದ್ರೆ ಖುಷಿಯಾಗುತ್ತೆ ನನಗೆ. ಇರಲಿ, ವಿಷಯ ಏನಂದ್ರೆ ಸ್ವಿಚ್ ಹಾಕಿದ ತಕ್ಷಣ ಎಂಸಿಬಿ ಬಿದ್ರೆ ಎಲ್ಲೋ ಶಾರ್ಟ್ ಆಗಿದೆ, ಹತ್ತು ಹದಿನೈದು ನಿಮಿಷ ಓಡಿ ಆಮೇಲೆ ಬಿದ್ರೆ ಎಲ್ಲೋ ಬೇಡದ ಕಡೆ ಬಿಸಿಯಾಗ್ತಿದೆ, ಹೆಚ್ಚಾಗಿ ಎಂಸಿಬಿಯ ಸ್ಕ್ರೂ ಲೂಸ್ ಇರುತ್ತೆ ಇಲ್ಲಾ ಅದೇ ಲೈನಿಗೆ ಇನ್ನೊಂದು ದೊಡ್ಡ ಲೋಡ್ ಕೊಟ್ಟಿರ್ತಾರೆ. ಯಾವುದೇ ಆಗಲಿ, ಮತ್ತೆ ಮತ್ತೆ ಮೇಲಕ್ಕೆ ಒತ್ತುತ್ತಾ ಕೂರಬೇಡಿ.

ಆಮೇಲೆ ಸಾಕೆಟ್. ಗೀಸರ್‌ಗೆ ಕೊಡೋದು 16 ಆಂಪಿಯರಿನ ದೊಡ್ಡ ಸಾಕೆಟ್, ಆದ್ರೂ ವರ್ಷಗಟ್ಟಲೆ ಕಾದು ತಣ್ಣಗಾಗಿ ಅದರೊಳಗಿನ ಹಿತ್ತಾಳೆ ಹಿಡಿತ ಸಡಿಲ ಆಗುತ್ತೆ. ಆ ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಹುಟ್ಕೊಂಡ್ರೂ ಕರೆಂಟಿನ ವರ್ಗವನ್ನ ಅದರಿಂದ ಗುಣಿಸಿ ನೋಡಿ, 38 ವ್ಯಾಟ್ ಬರುತ್ತೆ. ರಿಪೇರಿ ಅಂಗಡಿಲಿ ಸೀಸ ಕರಗಿಸೋ ಸೋಲ್ಡರಿಂಗ್ ಐರನ್ ಇರುತ್ತಲ್ಲ, ಅದು 25 ವ್ಯಾಟ್, ಅದಕ್ಕಿಂತ ಬಿಸಿ ಒಂದು ಕಾಳಿನಷ್ಟು ಜಾಗದಲ್ಲಿ ದಿನಾ ಬೆಳಿಗ್ಗೆ ಕೂತಿದ್ರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗದೆ ಇನ್ನೇನಾಗುತ್ತೆ. ಪ್ಲಗ್ ತೆಗೆದಾಗ ಪಿನ್ ಸುತ್ತ ಕಂದು ಕಲೆ, ಸುಟ್ಟ ವಾಸನೆ ಇದ್ರೆ ಸಾಕೆಟ್ಟು, ಪ್ಲಗ್ ಟಾಪು ಎರಡೂ ಬದಲಾಯಿಸಿ, ಒಂದನ್ನೇ ಬದಲಾಯಿಸಿದ್ರೆ ಸುಟ್ಟಿರೋದು ಹೊಸದನ್ನೂ ಸುಡುತ್ತೆ. ಪುಣೆಯ ಹಳೆ ಊರಿನ ಪೇಠ್‌ಗಳ ಕಡೆಯ ಹಳೆ ಬಿಲ್ಡಿಂಗಲ್ಲಿ ಇರೋರಂತೂ ಇದನ್ನ ಮೊದಲು ನೋಡಬೇಕು.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸೋ ಸಾಮಾನು ಟೆಸ್ಟರ್. ಸಾಕೆಟ್ಟಿಗೆ ಟೆಸ್ಟರ್ ಇಟ್ಟೆ, ಲೈಟ್ ಬಂತು, ಅಂದ್ರೆ ಕರೆಂಟ್ ಬರ್ತಿದೆ, ಗೀಸರ್ರೇ ಹೋಗಿದೆ ಅಂತ ತೀರ್ಮಾನ ಮಾಡ್ತಾರೆ. ಟೆಸ್ಟರಿನ ಪುಟ್ಟ ನಿಯಾನ್ ಬಲ್ಬು ಹತ್ತೋಕೆ ಒಂದು ಮಿಲಿಆಂಪಿಯರಿಗಿಂತ ಕಮ್ಮಿ ಕರೆಂಟ್ ಸಾಕು, ನಿಮ್ಮ ಮೈ ಮೂಲಕ ನೆಲಕ್ಕೆ ಹೋಗೋ ಅಷ್ಟು. ಫೇಸ್ ಇದೆ ಅಂತ ಅದು ಹೇಳುತ್ತೆ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಇದೆಯಾ ಅಂತ ಹೇಳಲ್ಲ, 8.7 ಆಂಪಿಯರ್ ದಾಟಿಸೋ ತಾಕತ್ತು ಆ ಜಾಯಿಂಟಿಗೆ ಇದೆಯಾ ಅಂತಲೂ ಹೇಳಲ್ಲ. ನ್ಯೂಟ್ರಲ್ ಕಿತ್ತಿದ್ರೂ ಟೆಸ್ಟರ್ ಆರಾಮಾಗಿ ಹತ್ತುತ್ತೆ. ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡೋದು ಟೆಸ್ಟರಿಗಿಂತ ಎಷ್ಟೋ ವಾಸಿ, ಸಾಕೆಟ್ಟು ಸುಟ್ಟಿಲ್ಲ, ಕೈ ಒದ್ದೆ ಇಲ್ಲ, ಕಾಲಿಗೆ ಚಪ್ಪಲಿ ಇದೆ ಅಂದ್ರೆ ಮಾತ್ರ. ಇಸ್ತ್ರಿ ಕಾದ್ರೆ ಲೈನು ಸರಿ ಇದೆ.

ಲೈನು ಸರಿ ಇದ್ದು ಗೀಸರ್ ಕಾಯ್ತಿಲ್ಲ ಅಂದ್ರೆ ಈಗ ಗೀಸರಿನ ಲೈಟ್ ನೋಡಿ. ಎಷ್ಟೋ ಮಾಡೆಲಲ್ಲಿ ಎರಡು ಇರುತ್ತೆ, ಒಂದು ಪವರ್ ಬಂದಿದೆ ಅನ್ನೋಕೆ, ಇನ್ನೊಂದು ಕಾಯ್ತಿದೆ ಅನ್ನೋಕೆ. ಆ ಎರಡನೇದು ಥರ್ಮೋಸ್ಟಾಟ್ ದಾಟಿದ ಮೇಲೆ, ಕಾಯಿಲಿನ ಪಕ್ಕಕ್ಕೆ ಜೋಡಿಸಿರೋದು. ಅದು ಉರೀತಾ ಇದ್ದು ನೀರು ತಣ್ಣಗೇ ಇದ್ರೆ ಕರೆಂಟು ಕಾಯಿಲಿನ ಬಾಗಿಲ ತನಕ ಬಂದು ನಿಂತಿದೆ ಅಂತ, ಕಾಯಿಲ್ ಒಳಗಿನ ತಂತಿ ತುಂಡಾಗಿದೆ. ಮಲ್ಟಿಮೀಟರ್ ಇಟ್ರೆ 26 ಓಮ್ ತೋರಿಸೋ ಬದಲು ಏನೂ ತೋರಿಸಲ್ಲ.

ಕಾಯಿಲ್ ಯಾಕೆ ತುಂಡಾಗುತ್ತೆ ಅನ್ನೋದಕ್ಕೆ ಪುಣೆಲಿ ದೊಡ್ಡ ಕಾರಣ ನೀರು. ಖಡಕ್ವಾಸ್ಲಾ ಡ್ಯಾಮಿನ ನೀರು ಬರೋ ಮನೆಗಳಿಗೆ ತೊಂದರೆ ಕಮ್ಮಿ, ಬೋರು, ಟ್ಯಾಂಕರ್ ನಂಬಿಕೊಂಡಿರೋ ವಾಘೋಲಿ ಕಡೆಯ ಹೊಸ ಸೊಸೈಟಿಗಳಲ್ಲಿ ಬಕೆಟ್ ಮೇಲೆ ಬಿಳಿ ಕಲೆ ಕೂರೋದು ನೋಡಿರ್ತೀರಿ. ನೆಲದ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಟೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತೆ, ಎಲ್ಲಿ ಅತಿ ಬಿಸಿಯೋ ಅಲ್ಲೇ ಅಂಟುತ್ತೆ, ಅಂದ್ರೆ ಕಾಯಿಲ್ ಮೇಲೆ. ಈ ಪದರ ಕೂತ್ರೆ ಕರೆಂಟ್ ಬಿಲ್ ಭಾರೀ ಏರುತ್ತೆ ಅಂತ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ. ಕಾಯಿಲ್ ಪೂರ್ತಿ ನೀರೊಳಗೇ ಮುಳುಗಿದೆ, ಅದರ 2000 ವ್ಯಾಟ್ ಶಾಖ ನೀರಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗೋಕೆ ದಾರಿ ಇಲ್ಲ, ಪದರ ಇದ್ರೂ ಅಷ್ಟೇ ಶಾಖ ನೀರಿಗೇ ಬರುತ್ತೆ. ನಿಜವಾದ ಹಾನಿ ತಂತಿಗೆ. ಪದರ ದಪ್ಪ ಆದಷ್ಟೂ ಅದೇ ಶಾಖವನ್ನ ಹೊರಗೆ ತಳ್ಳೋಕೆ ಒಳಗಿನ ನೈಕ್ರೋಮ್ ತಂತಿ ಇನ್ನೂ ಇನ್ನೂ ಬಿಸಿಯಾಗಬೇಕು. ನೈಕ್ರೋಮ್ ಅಂದ್ರೆ ನಿಕ್ಕಲ್ಲು ಕ್ರೋಮಿಯಮ್ಮು ಸೇರಿಸಿದ ಲೋಹ, ಅಮೆರಿಕಾದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ತಗೊಂಡದ್ದು, ಕೆಂಪಗೆ ಕಾದ್ರೂ ತುಕ್ಕು ಹಿಡಿದು ಉದುರಲ್ಲ, ಆದ್ರೆ ಅದಕ್ಕೂ ಒಂದು ಮಿತಿ ಇದೆ. ಗೀಸರ್ ಕಾಯುವಾಗ ಗುರುಗುರು ಸದ್ದು ಬರೋಕೆ ಶುರುವಾದ್ರೆ ಪದರ ದಪ್ಪ ಆಗಿದೆ ಅಂತ ತಿಳ್ಕೊಳ್ಳಿ, ತುಂಡಾಗೋ ತನಕ ಕಾಯದೆ ಸರ್ವೀಸ್ ಮಾಡಿಸಿ.

ಕಾಯಿಲಿನ ಹೊರಗಿನ ಕೊಳವೆಗೆ ಸಣ್ಣ ಬಿರುಕು ಬಂದ್ರೆ ಲಕ್ಷಣ ಬೇರೆ. ತಂತಿ ಸುತ್ತ ತುಂಬಿರೋ ಮೆಗ್ನೀಸಿಯಂ ಆಕ್ಸೈಡ್ ಪುಡಿ ಒಣಗಿದ್ದಾಗ ಮಾತ್ರ ಕರೆಂಟ್ ತಡೆಯುತ್ತೆ, ನೀರು ಕುಡಿದ್ರೆ ಸೋರೋಕೆ ಬಿಡುತ್ತೆ. ಆಗ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್) ಬೀಳುತ್ತೆ, ಎಂಸಿಬಿ ಅಲ್ಲ. ಆರ್‌ಸಿಸಿಬಿ ನೋಡೋದು ಎಷ್ಟು ಕರೆಂಟ್ ಹೋಯ್ತು ಅಂತಲ್ಲ, ಹೋದಷ್ಟೂ ವಾಪಸ್ ಬಂತಾ ಅಂತ. ಮನೆಗಳಲ್ಲಿ ಹಾಕೋದು 30 ಮಿಲಿಆಂಪಿಯರಿನದು, ಅಂದ್ರೆ 8.70 ಹೋಗಿ 8.67 ಮಾತ್ರ ವಾಪಸ್ ಬಂದ್ರೂ ಲೈನ್ ಕಟ್. ಆ ಕಮ್ಮಿಯಾದದ್ದು ಸ್ನಾನ ಮಾಡ್ತಿರೋ ಮನುಷ್ಯನ ಮೂಲಕ ಹೋಗಿರಬಹುದು. ಮಳೆಗಾಲದಲ್ಲಿ ಸುಮ್ಮನೆ ಬೀಳ್ತಿರುತ್ತೆ ಅಂತ ಆರ್‌ಸಿಸಿಬಿ ತೆಗೆಸಿ ಹಾಕಿದ ಮನೆಗಳನ್ನ ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡಬೇಡಿ, ಮನೆಲಿ ಮಕ್ಕಳಿರ್ತಾರೆ.

ಇನ್ನು ಲೈನು ಸರಿ ಇದೆ, ಗೀಸರಿನ ಲೈಟು ಯಾವುದೂ ಹತ್ತುತಿಲ್ಲ ಅಂದ್ರೆ ಅನುಮಾನ ಕಟೌಟ್ ಮೇಲೆ. ಕೆಳಗಿನ ಪ್ಲಾಸ್ಟಿಕ್ ಕವರಿನ ಒಳಗೆ ಬಟನ್ ಇರೋ ಸಣ್ಣ ಭಾಗ ಅದು. ನೀರು 60-70 ಡಿಗ್ರಿಗೆ ಬಂದಾಗ ಥರ್ಮೋಸ್ಟಾಟ್ ನಿಲ್ಲಿಸಬೇಕು, ಅದು ನಿಲ್ಲಿಸದೆ ಬಿಸಿ 90ರ ಆಸುಪಾಸು ಏರಿದ್ರೆ ಕಟೌಟಿನ ಒಳಗಿನ, ಎರಡು ಲೋಹ ಅಂಟಿಸಿದ ಬಿಲ್ಲೆ ಟಕ್ ಅಂತ ತಿರುಗಿ ಬೀಳುತ್ತೆ, ತಣ್ಣಗಾದ ಮೇಲೂ ತಾನಾಗಿ ವಾಪಸ್ ಬರಲ್ಲ, ಕೈಯಿಂದ ಒತ್ತಬೇಕು. ಬೇಕಂತಲೇ ಹಾಗೆ ಮಾಡಿರೋದು, ಮನುಷ್ಯ ಒಬ್ಬ ಬಂದು ಯಾಕೆ ಬಿತ್ತು ಅಂತ ನೋಡಲಿ ಅಂತ. ಎಂಸಿಬಿ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಕವರ್ ತೆಗೆದು ಬಟನ್ ಒತ್ತೋದು ಎರಡು ನಿಮಿಷದ ಕೆಲಸ, ಯಾಕೆ ಬಿತ್ತು ಅನ್ನೋದು ನಿಜವಾದ ಕೆಲಸ. ನಮ್ಮ ಮೇಲಿನ ಮನೆ ಕಾಕಾ ಅವರ ಗೀಸರ್ ನಿಂತದ್ದು ಸೊಸೈಟಿಯ ಮೇಲಿನ ಟಾಕಿ ತೊಳೆದ ಮಾರನೇ ದಿನ. ಒಳಬರೋ ಪೈಪಿನ ನಾನ್-ರಿಟರ್ನ್ ವಾಲ್ವ್ (ನೀರು ವಾಪಸ್ ಹೋಗದಂಗೆ ತಡೆಯೋದು) ಹಾಳಾಗಿತ್ತು, ಟಾಕಿ ಖಾಲಿ ಆದಾಗ ಯಾರೋ ಬಿಸಿನೀರಿನ ನಲ್ಲಿ ತೆರೆದು ಹಾಗೇ ಬಿಟ್ಟಿದ್ರು, ಗಾಳಿ ಒಳಗೆ ಬಂದು ಗೀಸರಿನ ನೀರೆಲ್ಲಾ ಪೈಪಿಗೆ ವಾಪಸ್ ಇಳಿದು ಹೋಗಿದೆ, ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಕಾದದ್ದು ನೀರಲ್ಲ ಖಾಲಿ ಟ್ಯಾಂಕು. ಕಟೌಟ್ ಬಿತ್ತು, ಕಾಯಿಲ್ ಉಳೀತು. ವಾಲ್ವ್ ಬದಲಾಯಿಸಿ ಬಟನ್ ಒತ್ತಿದ ಮೇಲೆ ಗೀಸರ್ ಚೆನ್ನಾಗೇ ನಡೀತಿದೆ.

ಆದ್ರೆ ಆವತ್ತು ಮೊದಲು ಬಂದಿದ್ದ ಹುಡುಗ "ಡೈರೆಕ್ಟ್ ಕರ್ ದೇತಾ ಹೂಂ" ಅಂದಿದ್ದ, ಕಾಕಾ ಬೇಡ ಅಂದ್ರು, ಒಳ್ಳೇದಾಯ್ತು. ಡೈರೆಕ್ಟ್ ಅಂದ್ರೆ ಕಟೌಟಿನ ಎರಡೂ ವೈರ್ ತಿರುಚಿ ಸೇರಿಸಿಬಿಡೋದು. ಗೀಸರ್ ಆ ಕ್ಷಣಕ್ಕೆ ಓಡುತ್ತೆ, ದುಡ್ಡೂ ಕಮ್ಮಿ, ಮನೆಯವರಿಗೂ ಖುಷಿ. ಇನ್ಮುಂದೆ ಏನಾಗಬಹುದು ಲೆಕ್ಕ ಹಾಕಿ. ಒಂದು ದಿನ ಥರ್ಮೋಸ್ಟಾಟ್ ಅಂಟಿಕೊಳ್ಳುತ್ತೆ, ಒತ್ತಡ ಏರಿದ್ರೆ ಹೊರಗೆ ಬಿಡಬೇಕಾದ ಸೇಫ್ಟಿ ವಾಲ್ವ್ ಅದೇ ಬಿಳಿ ಪದರದಿಂದ ಮೊದಲೇ ಜಾಮ್ ಆಗಿದೆ. ಮುಚ್ಚಿದ ಟ್ಯಾಂಕಲ್ಲಿ ಒತ್ತಡ 8 ಬಾರ್ ಏರಿದ್ರೆ ನೀರು 100ಕ್ಕೆ ಕುದಿಯಲ್ಲ, 175 ಡಿಗ್ರಿ ತನಕ ನೀರಾಗೇ ಇರುತ್ತೆ, ಅಲ್ಲಿಗೆ ತಲುಪೋಕೆ 2000 ವ್ಯಾಟಿಗೆ ಒಂದೂವರೆ ಗಂಟೆ ಸಾಕು. ಆಮೇಲೆ ಟ್ಯಾಂಕ್ ಒಡೆದ್ರೆ ಆ ನೀರಲ್ಲಿ ಏಳರಲ್ಲಿ ಒಂದು ಪಾಲು ಕಣ್ಣು ಮಿಟುಕಿಸೋದ್ರೊಳಗೆ ಹಬೆ ಆಗುತ್ತೆ, ಹತ್ತಿರ ಹತ್ತಿರ 2 ಕೆಜಿ ಹಬೆ, 3000 ಲೀಟರಿಗೂ ಜಾಸ್ತಿ ಜಾಗ ಬೇಕು ಅದಕ್ಕೆ. ನಮ್ಮ ಫ್ಲಾಟುಗಳ ಬಾತ್‌ರೂಮ್ ಪೂರ್ತಿ ಸೇರಿದ್ರೂ 7000-8000 ಲೀಟರ್ ಗಾಳಿ ಇರೋ ಜಾಗ. ಕೆಲವು ನೂರು ರೂಪಾಯಿ ಉಳಿಸೋಕೆ ಇದನ್ನ ತಲೆ ಮೇಲೆ ನೇತಾಕೊಂಡು ಸ್ನಾನಕ್ಕೆ ನಿಲ್ಲೋದು ಬೇಡವೇ ಬೇಡ. ಮನೆಗೆ ಯಾರೇ ರಿಪೇರಿಗೆ ಬಂದ್ರೂ ಡೈರೆಕ್ಟ್ ಮಾಡಬೇಡ ಅಂತ ಮೊದಲೇ ಹೇಳಿ, ಹಿಂದೆ ಯಾರಾದ್ರೂ ಮಾಡಿ ಹೋಗಿದ್ದಾರಾ ಅಂತ ಕವರ್ ತೆಗೆದಾಗ ನೋಡಿಸಿ. ಬಾಡಿಗೆ ಮನೆಗೆ ಹೊಸದಾಗಿ ಬಂದೋರು ಇದನ್ನ ಖಂಡಿತ ಮಾಡಬೇಕು.

ರಿಪೇರಿ ಆಯ್ತು, ವೈರ್‌ಮನ್ ದುಡ್ಡು ಕೇಳ್ತಿದ್ದಾನೆ, ಅವನು ಹೋಗೋ ಮುಂಚೆ ಗಡಿಯಾರ ನೋಡಿ ಒಂದು ಪರೀಕ್ಷೆ. 15 ಲೀಟರ್ ನೀರನ್ನ 20 ಡಿಗ್ರಿಯಿಂದ 60ಕ್ಕೆ ತರೋಕೆ ಬೇಕಾಗೋದು 0.7 ಯೂನಿಟ್ ಕರೆಂಟು, 2000 ವ್ಯಾಟಿಗೆ 21 ನಿಮಿಷ. ಥರ್ಮೋಸ್ಟಾಟ್ 60ಕ್ಕೆ ಇಟ್ಟು, ತಣ್ಣೀರು ತುಂಬಿಸಿ ಶುರು ಮಾಡಿದ್ರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕಾಯೋ ಲೈಟು ತಾನಾಗಿ ಆಫ್ ಆಗಬೇಕು. ಅರ್ಧ ಗಂಟೆ ತಗೊಂಡ್ರೆ ವೋಲ್ಟೇಜ್ ಅಳೆಸಿ, 230 ಇರಬೇಕಾದ್ದು 190ಕ್ಕೆ ಇಳಿದಿದ್ರೆ ಅದೇ ಕಾಯಿಲ್ 1365 ವ್ಯಾಟಷ್ಟೇ ಕೊಡುತ್ತೆ, ಗೀಸರಿನ ತಪ್ಪಲ್ಲ ಅದು. ಐದು ನಿಮಿಷಕ್ಕೇ ಆಫ್ ಆಗಿ ನೀರು ಉಗುರುಬೆಚ್ಚಗಿದ್ರೆ ಥರ್ಮೋಸ್ಟಾಟ್ ಬೇಗ ಬಿಡ್ತಿದೆ. ವೋಲ್ಟೇಜ್ ಸರಿ ಇದ್ದೂ ನಲವತ್ತು ನಿಮಿಷ ಆಗಿ ಲೈಟು ಇನ್ನೂ ಉರೀತಿದೆ, ನೀರು ಕೈ ಇಡೋಕಾಗದಷ್ಟು ಬಿಸಿ ಅಂದ್ರೆ ಸ್ವಿಚ್ ಆಫ್ ಮಾಡಿ, ಥರ್ಮೋಸ್ಟಾಟ್ ನಿಲ್ಲಿಸ್ತಿಲ್ಲ, ಹೊಸದು ಹಾಕಿಸಿದ ಮೇಲೇ ಆ ಗೀಸರಿನ ನೀರು ಬಳಸಿ.