ಬೆನ್ನು ಸಿಕ್ಕರೂ ಕುತ್ತಿಗೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ತುಮಕೂರಿನಲ್ಲಿ ಗೆಳೆಯರೊಂದಿಗೆ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿದು, ಕುತ್ತಿಗೆ ಅಥವಾ ಕೀಲು ಬಿಗಿದು ಎದುರಾಳಿಯನ್ನು ಸೋಲೊಪ್ಪಿಸುವ ಕಲೆ) ಅಭ್ಯಾಸ ಮಾಡುತ್ತಿದ್ದೇನೆ. ಎದುರಾಳಿಯ ಬೆನ್ನು ಸುಲಭವಾಗಿ ಸಿಗುತ್ತದೆ. ಆದರೆ ಕುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಜಾರಿಕೊಳ್ಳುತ್ತಾನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬೆನ್ನು ಸಿಗುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಗರಡಿಯಲ್ಲಿ ಪಳಗಿದವರು ಚಿತ್ ಆಗುವುದಕ್ಕಿಂತ ಬೋರಲು ಬೀಳುವುದೇ ಮೇಲೆಂದು ಕಲಿತಿರುತ್ತಾರೆ. ಕುಸ್ತಿಗೆ ಅದು ಸರಿ. ಜಿಯು-ಜಿಟ್ಸುವಿನಲ್ಲಿ ಬೆನ್ನು ಕೊಟ್ಟವನಿಗೆ ಎದುರಾಳಿ ಏನು ಮಾಡುತ್ತಿದ್ದಾನೆಂಬುದೇ ಕಾಣುವುದಿಲ್ಲ. ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್ ನಿಯಮದಲ್ಲಿ ಕೆಡವಿದ್ದಕ್ಕೆ 2 ಅಂಕವಾದರೆ, ಬೆನ್ನೇರಿ ಎರಡೂ ಕಾಲುಗಳನ್ನು ಅವನ ತೊಡೆಗಳ ಒಳಬದಿಗೆ ಕೊಕ್ಕೆಯಂತೆ ಸಿಕ್ಕಿಸಿ (ಹುಕ್ ಹಾಕಿ) 3 ಸೆಕೆಂಡ್ ಹಿಡಿದವನಿಗೆ 4 ಅಂಕ.

ನಿಮ್ಮ ತೊಂದರೆ ಅವಸರದ್ದು. ಬೆನ್ನು ಸಿಕ್ಕ ಕೂಡಲೇ ಕುತ್ತಿಗೆಯನ್ನು ಮರೆತುಬಿಡಿ. ಒಂದು ತೋಳು ಅವನ ಹೆಗಲ ಮೇಲಿಂದ, ಇನ್ನೊಂದು ಕಂಕುಳ ಕೆಳಗಿನಿಂದ ಬಂದು ಎದೆಯ ಮೇಲೆ ಬೆಸೆದುಕೊಳ್ಳಲಿ. ಇದೇ ಸೀಟ್‌ಬೆಲ್ಟ್ ಹಿಡಿತ. ನಿಮ್ಮ ಎದೆ ಅವನ ಬೆನ್ನಿಗೆ ಉಡದಂತೆ ಅಂಟಿರಲಿ. ಪಾದಗಳನ್ನು ಒಂದರ ಮೇಲೊಂದು ಹೆಣೆಯಬೇಡಿ, ಅವನು ನಿಮ್ಮ ಕಣಕಾಲನ್ನೇ ಮುರಿಯುವಂತೆ ಬಿಗಿಯುತ್ತಾನೆ. ಹಿಡಿತದ ಕಾದಾಟಗಳ ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿಯಾದ ಎಡಿಸಿಸಿಯನ್ನು ನಾಲ್ಕು ಬಾರಿ ಗೆದ್ದ ಮಾರ್ಸೆಲೊ ಗಾರ್ಸಿಯಾ ಅವರ ಪಂದ್ಯಗಳನ್ನು ನೋಡಿ. ಎದುರಾಳಿ ಎಷ್ಟು ಉರುಳಾಡಿದರೂ ಅವರು ಬೆನ್ನು ಬಿಡುವುದಿಲ್ಲ.

ಉರುಳಬೇಕಾದಾಗ ಹೆಗಲ ಮೇಲಿನ ತೋಳಿನ ಬದಿಗೇ ಉರುಳಿ. ಕಂಕುಳ ಬದಿಗೆ ಬಿದ್ದರೆ ಅವನು ಭುಜವನ್ನು ಮ್ಯಾಟಿಗೆ ಊರಿ ನಿಮ್ಮತ್ತ ತಿರುಗುತ್ತಾನೆ. ನೀವು ಹೇಳುವ ಜಾರುವಿಕೆ ಬಹುಶಃ ಇಲ್ಲೇ ಆಗುತ್ತಿದೆ.

ಮುಂದಿನದು ಕೈಗಳ ಕಾದಾಟ. ಈ ಕಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಅವನು ಎರಡೂ ಕೈಗಳಿಂದ ನಿಮ್ಮ ಮೇಲಿನ ಕೈಯನ್ನು ಕೆಳಗೆಳೆಯುತ್ತಾನೆ. ಬಲಕ್ಕೆ ಬಲ ಕೊಡಬೇಡಿ. ಕಂಕುಳ ಕೆಳಗಿನ ಕೈಯಿಂದ ಅವನ ಅದೇ ಬದಿಯ ಮಣಿಕಟ್ಟನ್ನು ಹಿಡಿದು ಸೊಂಟದತ್ತ ಒತ್ತಿ, ಆ ತೋಳಿನ ಮೇಲೆ ನಿಮ್ಮ ಕಾಲು ದಾಟಿಸಿ ಅದುಮಿ. ಈಗ ಕಾಪಾಡಿಕೊಳ್ಳಲು ಅವನಿಗೆ ಉಳಿದದ್ದು ಒಂದೇ ಕೈ, ನಿಮಗೆ ಎರಡು.

ಕುತ್ತಿಗೆಯ ಸರದಿ ಆಮೇಲೆ. ಹೆಗಲ ಮೇಲಿನ ತೋಳಿನ ಮೊಣಕೈ ಅವನ ಗದ್ದದ ನೇರಕ್ಕೆ ಬರಲಿ. ಅಂಗೈ ಅವನ ಆಚೆ ಭುಜ ತಲುಪಿ, ಅಲ್ಲಿಂದ ನಿಮ್ಮದೇ ಇನ್ನೊಂದು ತೋಳಿನ ರಟ್ಟೆ ಹಿಡಿಯಲಿ. ಆ ತೋಳಿನ ಕೈ ಅವನ ತಲೆಯ ಹಿಂದೆ ಸೇರಲಿ. ಒತ್ತಡ ಬೀಳಬೇಕಾದದ್ದು ಕುತ್ತಿಗೆಯ ಎರಡು ಪಕ್ಕದ ರಕ್ತನಾಳಗಳ ಮೇಲೆ, ಶ್ವಾಸನಾಳದ ಮೇಲಲ್ಲ. ಜೊತೆಗಾರ ಕೆಮ್ಮಿದರೆ ಮೊಣಕೈ ಸರಿದಿದೆ ಎಂದು ತಿಳಿಯಿರಿ.

ಸರಿಯಾಗಿ ಬಿದ್ದ ಪಟ್ಟು 10 ಸೆಕೆಂಡಿನೊಳಗೇ ಪ್ರಜ್ಞೆ ತಪ್ಪಿಸಬಲ್ಲದು. ಅವನು ಟ್ಯಾಪ್ ಮಾಡಿದ (ಸೋಲೊಪ್ಪಿ ಕೈ ತಟ್ಟಿದ) ಕ್ಷಣವೇ ಬಿಡಿ. ತರಬೇತುದಾರರಿಲ್ಲದೆ ಗೆಳೆಯರಷ್ಟೇ ಸೇರಿ ಇದನ್ನು ಬಿಗಿಯಲೇಬೇಡಿ. ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವುದು ತುಮಕೂರಿನವರಿಗೆ ಹೊಸದಲ್ಲ. ವಾರಕ್ಕೊಮ್ಮೆಯಾದರೂ ಅಲ್ಲಿ ಬಲ್ಲವರ ಎದುರು ಕಲಿಯಿರಿ. ಊರಿನಲ್ಲಿ ಹಿಡಿತವನ್ನಷ್ಟೇ ಅಭ್ಯಾಸ ಮಾಡಿ: ಒಬ್ಬರು ಬೆನ್ನು ಹಿಡಿಯಲಿ, ಇನ್ನೊಬ್ಬರು ಬಿಡಿಸಿಕೊಳ್ಳಲಿ, 2 ನಿಮಿಷ, ಕುತ್ತಿಗೆ ಮುಟ್ಟದೆ.