ಹೊಟ್ಟೆ ಕಟ್ಟುತ್ತದೆ ಅಂತ ಐರನ್ ಮಾತ್ರೆ ಬಿಡಬೇಡಿ

ತಪಾಸಣೆಗೆ ಬರುವ ಬಸುರಿಯರ ಚೀಲದಲ್ಲಿ ಎಷ್ಟೋ ಸಲ ತಾಯಿ ಕಾರ್ಡಿನ ಜೊತೆ ಐರನ್ ಮಾತ್ರೆಯ ಸ್ಟ್ರಿಪ್ ಹಾಗೇ ಇರುತ್ತದೆ. ಯಾಕಮ್ಮ ಬಿಟ್ಟೆ ಅಂದರೆ ತಕ್ಷಣ ಉತ್ತರ ಬರುವುದಿಲ್ಲ. ಆಮೇಲೆ ಮೆಲ್ಲಗೆ, ‘ಎರಡಕ್ಕೆ ಸರಿಯಾಗಿ ಹೋಗಲ್ಲ ಮೇಡಂ’ ಅನ್ನುತ್ತಾರೆ. ಕೆಲವರಿಗೆ ಮಾತ್ರೆ ನುಂಗಿದರೆ ವಾಂತಿ. ಇನ್ನು ಕೆಲವು ಮನೆಗಳಲ್ಲಿ ಮಲ ಕಪ್ಪಾದದ್ದು ಕೇಳಿ, ಮಗುವೂ ಕಪ್ಪಾಗುತ್ತದೆ ಅಂತ ಹೆದರಿಸಿರುತ್ತಾರೆ. ಕಬ್ಬಿಣದ ಅಂಶದಿಂದ ಮಲ ಕಪ್ಪಾಗುವುದು ಸಹಜ. ಮಗುವಿನ ಬಣ್ಣಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ಸರ್ಕಾರದಿಂದ ಸಿಗುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ತಗೋಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥವರಿಗೆ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ದೇಹ ತಡೆದುಕೊಳ್ಳುವುದಿಲ್ಲ. ಆದ್ದರಿಂದ ಮಾತ್ರೆ ಬಿಡುವ ಮಾತೇ ಇಲ್ಲ. ಬದಲಾಗಬೇಕಾದದ್ದು ಊಟ.

ಬಸುರಿನಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಕರುಳಿನ ಓಡಾಟವನ್ನು ನಿಧಾನ ಮಾಡುತ್ತದೆ. ಅದರ ಮೇಲೆ ಮಾತ್ರೆ. ಅದರ ಮೇಲೆ ನಮ್ಮ ಮಳೆಗಾಲ. ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಬಾಯಾರಿಕೆಯೇ ಆಗುವುದಿಲ್ಲ ಅಲ್ವಾ? ಕಾಫಿ ನಾಲ್ಕು ಸಲ ಆಗುತ್ತದೆ, ನೀರು ಎರಡು ಲೋಟವೂ ಹೋಗುವುದಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಾರಿನಂಶ ಎಲ್ಲಿಂದ ಬರಬೇಕು?

ಅದು ಹಿತ್ತಿಲಲ್ಲೇ ಇದೆ. ಗೊನೆ ಕಡಿದ ಮೇಲೆ ಬಾಳೆದಿಂಡನ್ನು ದನಕ್ಕೆ ಹಾಕಬೇಡಿ. ತೆಳ್ಳಗೆ ಬಿಲ್ಲೆ ಹೆಚ್ಚುತ್ತಾ, ಬರುವ ಎಳೆಗಳನ್ನು ಬೆರಳಿಗೆ ಸುತ್ತಿ ತೆಗೆಯಿರಿ. ಕಪ್ಪಾಗದ ಹಾಗೆ ಮಜ್ಜಿಗೆ ನೀರಲ್ಲಿ ಹಾಕಿಡಿ. ನೆನೆಸಿದ ಹೆಸರುಕಾಳಿನ ಜೊತೆ ಬೇಯಿಸಿ, ಕಾಯಿತುರಿ ಹಾಕಿ ಪಲ್ಯ ಮಾಡಿ. ಹರಿವೆ, ಬಸಳೆ, ನುಗ್ಗೆಸೊಪ್ಪು ಯಾವುದಾದರೂ ಒಂದು ದಿನಾ ಇರಲಿ. ಸೀಬೆ, ಬಾಳೆಹಣ್ಣು ತಿನ್ನಿ. ಪೂರ್ತಿ ಹಣ್ಣಾದ ಪಪ್ಪಾಯಿಗೂ ಹೆದರಬೇಕಿಲ್ಲ, ಕಾಯಿ ಮಾತ್ರ ಬೇಡ. ಬಿಸಿನೀರು ಮಾಡಿ ಕೈಗೆ ಸಿಗುವಲ್ಲಿ ಇಟ್ಟುಕೊಂಡು, ದಿನಕ್ಕೆ ಎಂಟು ಹತ್ತು ಲೋಟ ಕುಡಿಯಿರಿ. ಇಷ್ಟಾದರೂ ಆಗದಿದ್ದರೆ ವೈದ್ಯರನ್ನು ಕೇಳಿ ಇಸಬ್‌ಗೋಲ್ ತಗೋಬಹುದು. ಹರಳೆಣ್ಣೆ ಮಾತ್ರ ಖಂಡಿತ ಕುಡಿಸಬೇಡಿ, ಗರ್ಭಕೋಶ ಸಂಕುಚಿಸಿ ನೋವು ಶುರುವಾಗಬಹುದು.

ಈ ಮಾತನ್ನೆಲ್ಲ ನಾನು ಬಸುರಿಗಿಂತ ಜಾಸ್ತಿ ಜೊತೆಗೆ ಬಂದ ಅತ್ತೆಗೋ ಅಮ್ಮನಿಗೋ ಹೇಳುತ್ತೇನೆ. ಇವತ್ತು ಏನು ಅಡುಗೆ ಅಂತ ತೀರ್ಮಾನ ಮಾಡುವವರು ಅವರೇ ತಾನೇ.

ಮಾತ್ರೆಯಿಂದ ವಾಂತಿ ಬರುವವರು ಅದನ್ನು ರಾತ್ರಿ ಊಟ ಆದ ಮೇಲೆ ನುಂಗಿ ನೋಡಿ. ನಿಂಬೆ ಶರಬತ್ತಿನ ಜೊತೆ ತಗೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಚಹಾ ಅದನ್ನು ತಡೆಯುತ್ತವೆ, ಒಂದೆರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಬೇಡಿ.

ಮೊದಲ ತಿಂಗಳುಗಳ ವಾಕರಿಕೆಗೆ ಖಾಲಿ ಹೊಟ್ಟೆ ಒಳ್ಳೆಯದಲ್ಲ. ಎದ್ದ ಕೂಡಲೇ ಒಂದು ಹಿಡಿ ಮಂಡಕ್ಕಿ, ಆಮೇಲೆ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಶುಂಠಿ ತಂಬುಳಿ ತುಂಬಾ ಜನಕ್ಕೆ ಒಗ್ಗುತ್ತದೆ.

ದಿನ ತುಂಬುತ್ತಾ ಬಂದ ಹಾಗೆ ಎದೆಯುರಿ ಕಾಡುತ್ತದೆ. ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿರುತ್ತದೆ, ಬೆಳೆಯುವ ಗರ್ಭ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ಮಿಡಿ ಉಪ್ಪಿನಕಾಯಿ ಬೇಕೇ ಬೇಕು ಅನ್ನಿಸಿದರೆ ಮಧ್ಯಾಹ್ನ ಒಂಚೂರು ನಂಜಿಕೊಳ್ಳಿ. ರಾತ್ರಿ ಖಾರ ಬೇಡ, ಕರಿದದ್ದೂ ಬೇಡ. ಬೇಗ ಉಂಡು, ಎರಡು ಗಂಟೆ ಬಿಟ್ಟು ಎಡಮಗ್ಗುಲಲ್ಲಿ ಮಲಗಿ.

ಆದರೆ ಐದು ತಿಂಗಳು ಕಳೆದ ಮೇಲೆ ಎದೆಗೂಡಿನ ಕೆಳಗೆ ಜೋರು ನೋವು, ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಅದನ್ನು ಗ್ಯಾಸ್ಟ್ರಿಕ್ ಅಂತ ಸುಮ್ನೆ ಬಿಡಬೇಡಿ. ಅದು ರಕ್ತದೊತ್ತಡ ಏರಿದ್ದರ ಗುರುತಿರಬಹುದು. ಒಂದಿಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೂ, ಮೂತ್ರ ಕಡಿಮೆಯಾದರೂ ತಡಮಾಡಬೇಡಿ. ಘಟ್ಟದ ಮಳೆಯಲ್ಲಿ ರಸ್ತೆಗೆ ಮರ ಬಿದ್ದರೆ ಗಾಡಿ ಬರುವುದು ತಡವಾಗುತ್ತದೆ. ಬೆಳಗಾಗಲಿ ಅಂತ ಕಾಯದೆ ಆಗಲೇ 108ಕ್ಕೆ ಫೋನ್ ಮಾಡಿ.